ಚೊಂಬಿನ ತಳ ನೇರವಲ್ಲ: ಚಿತ್ರ ಕಲಿಯಲು ದಿನಕ್ಕೆ 20 ನಿಮಿಷ

ಅಡುಗೆಮನೆಯಿಂದ ಒಂದು ಚೊಂಬು ತಂದು ಮೇಜಿನ ಮೇಲಿಡಿ. ಎದುರು ಕುಳಿತು ಐದು ನಿಮಿಷದಲ್ಲಿ ಅದನ್ನು ಬಿಡಿಸಿ. ಈಗ ಹಾಳೆಯಲ್ಲಿ ಚೊಂಬಿನ ತಳ ನೋಡಿ. ಬಾಯಿಯನ್ನು ಅಂಡಾಕಾರವಾಗಿ ಬರೆದ ಕೈಯೇ ತಳಕ್ಕೆ ಬಂದಾಗ ನೇರ ಗೀಟು ಹಾಕಿರುವ ಸಾಧ್ಯತೆ ಹೆಚ್ಚು. ಚೊಂಬು ಮೇಜಿನ ಮೇಲೆ ಅಲ್ಲಾಡದೆ ಕೂತಿದೆ, ಹಾಗಾಗಿ ತಳ ಸಪಾಟು ಎಂದು ಮನಸ್ಸು ಹೇಳಿತು. ಕೈ ಅದರ ಮಾತು ಕೇಳಿತು. ಕಣ್ಣಿಗೆ ಕಂಡದ್ದು ಹಾಳೆಗೆ ಇಳಿಯಲೇ ಇಲ್ಲ.

‘ನನ್ನ ಕೈಗೆ ಚಿತ್ರ ಹತ್ತುವುದಿಲ್ಲ’ ಎನ್ನುವವರು ಬಹಳ ಮಂದಿ. ‘ಈ’, ‘ಞ’, ‘ಋ’ ತಿದ್ದಿ ಕಲಿತ ಕೈಗೆ ಯಾವ ತಿರುವೂ ಕಷ್ಟವಲ್ಲ. ನೋಡುವುದನ್ನು ಅಭ್ಯಾಸ ಮಾಡಿಲ್ಲ, ಅಷ್ಟೆ. ವಿನ್ಸೆಂಟ್ ವ್ಯಾನ್ ಗೋ ಚಿತ್ರಗಾರನಾಗಲು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಅದಕ್ಕಾಗಿ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಶಾರ್ಲ್ ಬಾರ್ಗ್ ರೂಪಿಸಿದ್ದ ಅಭ್ಯಾಸದ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿದ್ದು. ‘ವಯಸ್ಸಾಯಿತು, ಇನ್ನೇನು ಕಲಿಯುವುದು’ ಎನ್ನುವವರು ಇದನ್ನು ನೆನಪಿಡಬೇಕು.

ಸಾಮಾನು ಹೆಚ್ಚು ಬೇಡ. ಒಂದು ಎಚ್‌ಬಿ, ಒಂದು 2ಬಿ, ಒಂದು 6ಬಿ ಪೆನ್ಸಿಲ್ ಸಾಕು. ‘ಬಿ’ ಮುಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು. ಒಂದು ಬದಿ ಖಾಲಿ ಇರುವ ಹಳೆ ಪ್ರಿಂಟ್ ಹಾಳೆಗಳ ಕಟ್ಟು ಇಟ್ಟುಕೊಳ್ಳಿ. ದುಬಾರಿ ಸ್ಕೆಚ್ ಬುಕ್ ಕೊಂಡರೆ ‘ಹಾಳೆ ಹಾಳಾದೀತು’ ಎಂಬ ಭಯಕ್ಕೇ ಕೈ ಬಿಗಿಯುತ್ತದೆ. ಮೊದಲ ತಿಂಗಳು ರಬ್ಬರ್ ಮುಟ್ಟಬೇಡಿ.

ಮೊದಲು ಗೆರೆ

ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವವರನ್ನು ಹತ್ತಿರ ನಿಂತು ಗಮನಿಸಿ. ಎಳೆ ಎಳೆಯುವಾಗ ಅವರ ಕಣ್ಣು ಬೆರಳಿನ ಮೇಲಿರುವುದಿಲ್ಲ, ಮುಂದಿನ ಚುಕ್ಕಿಯ ಮೇಲಿರುತ್ತದೆ. ಆಡುವುದು ಇಡೀ ತೋಳು. ಅನುಮಾನದಿಂದ ಕೈ ತಡೆದರೆ ಆ ಜಾಗದಲ್ಲಿ ಪುಡಿ ಗುಡ್ಡೆಯಾಗುತ್ತದೆ. ಹಾಗಾಗಿ ಅವರು ತಡೆಯುವುದಿಲ್ಲ. ಪೆನ್ಸಿಲ್ ಗೆರೆಗೂ ಇದೇ ಕ್ರಮ. ಮಣಿಕಟ್ಟನ್ನು ಹಾಳೆಗೆ ಊರಿ ಬೆರಳಷ್ಟನ್ನೇ ಆಡಿಸಿದರೆ ಎರಡು ಇಂಚು ದಾಟುವಷ್ಟರಲ್ಲಿ ಗೆರೆ ಬಾಗುತ್ತದೆ. ಆಮೇಲೆ ಅದನ್ನೇ ಕೆದಕಿ ಕೆದಕಿ ತಿದ್ದುತ್ತೇವೆ. ಕೂದಲು ಬಂದ ಗೆರೆ ಎಂದರೆ ಅದೇ.

ಹಾಳೆಯ ಮೇಲೆ ಒಂದು ಗೇಣು ಅಂತರದಲ್ಲಿ ಎರಡು ಚುಕ್ಕಿ ಇಡಿ. ಪೆನ್ಸಿಲ್ ಹಾಳೆಗೆ ತಾಗಿಸದೆ, ಒಂದರಿಂದ ಇನ್ನೊಂದಕ್ಕೆ ಎರಡು ಮೂರು ಸಲ ತೋಳು ಆಡಿಸಿ. ಆಮೇಲೆ ಎರಡನೇ ಚುಕ್ಕಿಯನ್ನೇ ನೋಡುತ್ತ ಒಂದೇ ಉಸಿರಿಗೆ ಎಳೆಯಿರಿ. ಗುರಿ ತಪ್ಪಿದರೆ ತಪ್ಪಲಿ, ತಿದ್ದಬೇಡಿ. ಕೆಳಗೆ ಇನ್ನೊಂದು ಜೋಡಿ ಚುಕ್ಕಿ ಇಡಿ. ದಿನಕ್ಕೆ ಒಂದು ಹಾಳೆ ತುಂಬಿಸಿ: ಅಡ್ಡ, ಉದ್ದ, ಓರೆ, ಕೊನೆಗೆ ವೃತ್ತಗಳು.

ಚೊಂಬಿಗೆ ಮರಳೋಣ

ಒಂದು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬಾಯಿ ಬರೀ ಗೆರೆಯಾಗಿ ಕಾಣುತ್ತದೆ. ಮೆಲ್ಲಗೆ ಇಳಿಸುತ್ತ ಬನ್ನಿ: ಗೆರೆ ತೆರೆದು ಸಪೂರ ಅಂಡಾಕಾರವಾಗುತ್ತದೆ, ಇನ್ನೂ ಇಳಿಸಿದರೆ ಅಗಲವಾಗುತ್ತದೆ. ನೆಲದ ಮೇಲಿಟ್ಟು ನೇರ ಮೇಲಿನಿಂದ ನೋಡಿದಾಗ ಪೂರ್ತಿ ವೃತ್ತ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ದುಂಡು ಹೆಚ್ಚು ತೆರೆಯುತ್ತದೆ. ಚೊಂಬಿನ ತಳ ಬಾಯಿಗಿಂತ ಕೆಳಗಿದೆ. ಅಂದರೆ ಅದು ನೇರವಾಗಿರುವುದಿರಲಿ, ಬಾಯಿಗಿಂತ ಹೆಚ್ಚೇ ಬಾಗಿರಬೇಕು. ಇದು ಒಮ್ಮೆ ಕಣ್ಣಿಗೆ ಹಿಡಿಯಿತೆಂದರೆ ಬಕೆಟ್, ಬಾವಿಕಟ್ಟೆ, ದೇವಸ್ಥಾನದ ಕಂಬ, ಎತ್ತಿನ ಗಾಡಿಯ ಚಕ್ರ ಎಲ್ಲದರ ಗುಟ್ಟೂ ಬಿಚ್ಚಿಕೊಳ್ಳುತ್ತದೆ.

ಬಿಡಿಸುವಾಗ ಮೊದಲು ನಡುವೆ ತೆಳುವಾಗಿ ಒಂದು ನೆಟ್ಟ ಗೆರೆ ಎಳೆಯಿರಿ. ಅದರ ಮೇಲೆ ಬಾಯಿ, ಕತ್ತು, ಹೊಟ್ಟೆ, ತಳ ಎಲ್ಲೆಲ್ಲಿ ಬರುತ್ತವೆ ಎಂದು ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಪೂರ್ತಿ ಅಂಡಾಕಾರ ಬರೆಯಿರಿ, ಚೊಂಬು ಗಾಜಿನದ್ದೋ ಎಂಬಂತೆ ಹಿಂಬದಿಯನ್ನೂ ಸೇರಿಸಿ. ಎರಡು ತುದಿಗಳು ಚೂಪಾಗಬಾರದು. ಆಮೇಲೆ ಹೊರಗಿನ ಬಳುಕು ಜೋಡಿಸಿ. ಕೊನೆಗೆ ಹಾಳೆಯನ್ನು ಕನ್ನಡಿಗೆ ಹಿಡಿದರೆ ಯಾವ ಕಡೆ ಸೊಟ್ಟಗಿದೆ ಎಂಬುದು ತಕ್ಷಣ ಕಾಣುತ್ತದೆ.

ಅಳತೆಗೆ ಪೆನ್ಸಿಲ್ಲೇ ಕೋಲು. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಚೊಂಬಿನ ಅಗಲವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತಿಸಿ. ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತದೆ ನೋಡಿ. ಮೊಣಕೈ ಮಡಚಿದರೆ ಲೆಕ್ಕ ತಪ್ಪುತ್ತದೆ.

ಕಣ್ಣಿಗೆ ಮೂರು ಪಾಠ

ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೋನ್ ನಿಕೊಲೈಡಿಸ್ ತಮ್ಮ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಅಭ್ಯಾಸವೊಂದು 1941ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿದೆ. ಬರೆಯದ ಕೈಯನ್ನು ಎದುರಿಗೆ ಚಾಚಿ, ಅದರ ಅಂಚಿನ ಮೇಲೆ ಕಣ್ಣಿಡಿ. ಇರುವೆ ಹರಿದ ವೇಗದಲ್ಲಿ ಕಣ್ಣು ಚಲಿಸಲಿ, ಅದೇ ವೇಗದಲ್ಲಿ ಪೆನ್ಸಿಲ್ ಚಲಿಸಲಿ. ಹಾಳೆಯ ಕಡೆ ತಿರುಗಿ ನೋಡುವಂತಿಲ್ಲ. ಉಗುರಿನ ಬುಡ, ಗೆಣ್ಣಿನ ಸುಕ್ಕು, ಹೆಬ್ಬೆರಳ ಬುಡದ ಉಬ್ಬು ಯಾವುದೂ ಬಿಟ್ಟುಹೋಗದಿರಲಿ. ಬರುವ ಚಿತ್ರ ಕೈಯಂತಿರುವುದಿಲ್ಲ, ಚಿಂತೆಯಿಲ್ಲ. ಅಷ್ಟು ಹೊತ್ತಿನಲ್ಲಿ ನೀವು ನಿಮ್ಮ ಕೈಯನ್ನು ಹಿಂದೆಂದೂ ನೋಡಿರದಷ್ಟು ನೋಡಿರುತ್ತೀರಿ. ಈ ಬರಹದ ಅಭ್ಯಾಸಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಎರಡನೆಯದು, ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯನ್ನು ಬಿಡಿಸಬೇಡಿ, ಕಾಲುಗಳ ನಡುವೆ, ಕೈಯಾಸರೆಯ ಕೆಳಗೆ ಕಾಣುವ ಖಾಲಿ ಜಾಗಗಳ ಆಕಾರವನ್ನಷ್ಟೇ ಬರೆಯಿರಿ. ಖಾಲಿ ಜಾಗಕ್ಕೆ ಹೆಸರಿಲ್ಲ, ಹಾಗಾಗಿ ಮನಸ್ಸು ನಡುವೆ ಬಾಯಿ ಹಾಕುವುದಿಲ್ಲ. ಖಾಲಿಗಳು ಸರಿ ಬಂದರೆ ಕುರ್ಚಿ ತಾನಾಗಿ ಎದ್ದು ನಿಲ್ಲುತ್ತದೆ. ಮೂರನೆಯದು, ಒಂದು ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡುವುದು. ಚಿತ್ರಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಇದಕ್ಕಾಗಿ ಪಿಕಾಸೊ ಬರೆದ ಸಂಗೀತಕಾರ ಸ್ಟ್ರಾವಿನ್‌ಸ್ಕಿಯ ಚಿತ್ರವನ್ನು ಕೊಟ್ಟಿದ್ದರು.

ನೆರಳಿಗೆ ಅವಸರ ಬೇಡ. ಒಂದೇ ಕಿಟಕಿಯ ಬೆಳಕಿನಲ್ಲಿ ಒಂದು ನಿಂಬೆಹಣ್ಣು ಇಡಿ, ಕಣ್ಣು ಅರೆ ಮುಚ್ಚಿ ನೋಡಿ, ಎಲ್ಲಕ್ಕಿಂತ ಕಪ್ಪು ಎಲ್ಲಿ, ಬಿಳಿ ಎಲ್ಲಿ ಎಂದು ಮೊದಲು ತೀರ್ಮಾನಿಸಿ. ಬೆರಳಿನಿಂದ ಉಜ್ಜಿ ಹರಡುವ ಚಾಳಿ ಬೇಡ; ಗೆರೆಯ ಪಕ್ಕ ಗೆರೆ ಇಡುತ್ತಲೇ ಕಪ್ಪು ಕಟ್ಟಿ.

ವಾರಕ್ಕೊಮ್ಮೆ ಬಸ್ ನಿಲ್ದಾಣಕ್ಕೋ ಸಂತೆಗೋ ಹಾಳೆ ಹಿಡಿದು ಹೋಗಿ. ಒಬ್ಬರಿಗೆ 30 ಸೆಕೆಂಡ್. ಕಣ್ಣು ಮೂಗು ಬೇಡ. ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟು ಹಿಡಿದರೆ ಸಾಕು. ಉಡುಪಿ ಬಳಿಯ ಕಟ್ಟಿಂಗೇರಿಯವರಾದ ಚಿತ್ರಕಾರ ಕೆ.ಕೆ. ಹೆಬ್ಬಾರರು ದೇಹದ ಲಯ ಅರಿಯಲೆಂದು ಕಥಕ್ ಕಲಿತವರು. ಅವರ ರೇಖಾಚಿತ್ರಗಳನ್ನು ಎದುರಿಗಿಟ್ಟುಕೊಂಡು, ನಾಲ್ಕೈದು ಗೆರೆಯಲ್ಲಿ ಒಂದು ಮೈ ಹೇಗೆ ತಿರುಗುತ್ತದೆ ನೋಡಿ.

ದಿನಕ್ಕೆ ಐದು ನಿಮಿಷ ಗೆರೆ, ಹತ್ತು ನಿಮಿಷ ಒಂದು ವಸ್ತು, ಐದು ನಿಮಿಷ ಕೈ. ಮೊಬೈಲ್‌ನ ಫೋಟೊ ನೋಡಿ ಬರೆಯುವುದನ್ನು ಸದ್ಯಕ್ಕೆ ಬಿಡಿ. ಮೂರು ಆಯಾಮವನ್ನು ಹಾಳೆಗೆ ಇಳಿಸುವ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿ ಮುಗಿಸಿರುತ್ತದೆ, ನೀವು ಕಲಿಯಬೇಕಾದದ್ದು ಆ ಕೆಲಸವನ್ನೇ. ಪ್ರತಿ ಹಾಳೆಗೂ ತಾರೀಕು ಹಾಕಿ, ಒಂದನ್ನೂ ಹರಿಯಬೇಡಿ. ಇಂದಿನ ಚೊಂಬಿನ ಚಿತ್ರವನ್ನು ಎಲ್ಲಕ್ಕಿಂತ ಕೆಳಗಿಡಿ. ಮೂರು ತಿಂಗಳಾದ ಮೇಲೆ ಅದೇ ಚೊಂಬನ್ನು ಅದೇ ಮೇಜಿನ ಮೇಲಿಟ್ಟು ಇನ್ನೊಮ್ಮೆ ಬಿಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಮನೆಯವರಿಗೆ ತೋರಿಸಿ.