ನಂದಿ ಕಣಿವೆಯ ದ್ರಾಕ್ಷಿಯೂ ಅರ್ಕಾವತಿಯ ನೀರೂ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂದು ನಮ್ಮ ಅಧ್ಯಾಪಕರು ಆಗಾಗ ಹೇಳುವುದುಂಟು. ಆದರೆ ಕಣ್ಣಿಗೆ ಚೆಂದವಾದುದನ್ನು ಕಂಡು, ‘ಆಹಾ’ ಎಂದು ಮನೆಗೆ ಮರಳಿದರೆ ಅದು ಪ್ರವಾಸವಾದೀತೇ ಹೊರತು ವಿದ್ಯಾಭ್ಯಾಸವಾಗದು. ಈ ಮಾತಿನ ಅರ್ಥ ನನಗೆ ಸ್ಪಷ್ಟವಾದುದು ಕಳೆದ ಫೆಬ್ರವರಿಯಲ್ಲಿ ನಂದಿ ಕಣಿವೆಯ ದ್ರಾಕ್ಷಿ ತೋಟಗಳನ್ನು ನೋಡಲು ಹೋದಾಗ.

ನಾವು ಮೂವರು ಸಹಪಾಠಿಗಳು ಹೆಬ್ಬೂರಿನಿಂದ ಮುಂಜಾನೆಯ ಬಸ್ಸಿನಲ್ಲಿ ಹೊರಟು, ತುಮಕೂರನ್ನು ದಾಟಿ, ಡಾಬಸ್‌ಪೇಟೆಯ ಮಾರ್ಗವಾಗಿ ದೊಡ್ಡಬಳ್ಳಾಪುರವನ್ನು ಸೇರಿದೆವು. ದಾರಿಯಲ್ಲಿ ಶಿವಗಂಗೆಯ ಬೆಟ್ಟ ಕಾಣಿಸಿತು. ಕುಮುದ್ವತಿ ನದಿ ಹುಟ್ಟುವುದು ಅಲ್ಲಿಯೇ; ಅದು ಅರ್ಕಾವತಿಯನ್ನು ಕೂಡುವುದು ತಿಪ್ಪಗೊಂಡನಹಳ್ಳಿಯಲ್ಲಿ. ಅರ್ಕಾವತಿಯಾದರೋ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರಗಳ ಕಡೆಯಿಂದ ಹರಿದು, ಸುಮಾರು 190 ಕಿಲೋಮೀಟರು ಸಾಗಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಇದಿಷ್ಟನ್ನು ಭೂಪಟದಲ್ಲಿ ಓದಿಕೊಂಡೇ ಹೋಗಿದ್ದೆವು.

ದ್ರಾಕ್ಷಿಗೂ ನದಿ ಕಣಿವೆಗೂ ಹಳೆಯ ನಂಟು. ಜರ್ಮನಿಯ ರೈನ್ ಮತ್ತು ಮೋಸೆಲ್, ಫ್ರಾನ್ಸಿನ ಲುವಾರ್, ಪೋರ್ಚುಗಲ್ಲಿನ ಡೌರೊ, ಇವೆಲ್ಲ ವೈನಿನಿಂದ ಹೆಸರಾದ ಕಣಿವೆಗಳು. ಡೌರೊ ಕಣಿವೆಯ ಎಲ್ಲೆಯನ್ನು 1756ರಷ್ಟು ಹಿಂದೆಯೇ ಕಾನೂನಿನಿಂದ ಗುರುತಿಸಿದ್ದರು. ಆ ಚಳಿಯ ನಾಡುಗಳಲ್ಲಿ ನದಿಯು ಬಳ್ಳಿಗೆ ಹಲವು ಬಗೆಯಲ್ಲಿ ನೆರವಾಗುತ್ತದೆ. ಹಗಲು ಕಾದ ನೀರು ರಾತ್ರಿಯ ಚಳಿಯನ್ನು ತಗ್ಗಿಸುತ್ತದೆ. ಸೂರ್ಯನಿಗೆ ಮುಖಮಾಡಿದ ಇಳಿಜಾರು ಬಿಸಿಲನ್ನು ಹಿಡಿದಿಡುತ್ತದೆ. ಹಿಂದಿನ ಕಾಲದಲ್ಲಿ ವೈನಿನ ಪೀಪಾಯಿಗಳು ದೋಣಿಯಲ್ಲಿ ಸಾಗುತ್ತಿದ್ದುದೂ ಅದೇ ನದಿಯ ಮೇಲೆ.

ನಮ್ಮ ನಂದಿ ಕಣಿವೆಯ ಮಾತು ಬೇರೆ. ಇಲ್ಲಿ ಬಳ್ಳಿಗೆ ಬೇಕಾದುದು ಬಿಸಿಲಲ್ಲ, ತಂಪು. ಆ ತಂಪನ್ನು ಕೊಡುವುದು ನದಿಯಲ್ಲ, ನೆಲದ ಎತ್ತರ. ನಂದಿಬೆಟ್ಟದ ಎತ್ತರ 4,851 ಅಡಿ. ದೊಡ್ಡಬಳ್ಳಾಪುರವೂ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಹಗಲು ಬಿಸಿಲು, ರಾತ್ರಿ ತಂಪು. ಇದರಿಂದ ಹಣ್ಣಿನಲ್ಲಿ ಸಕ್ಕರೆ ಕೂಡಿದರೂ ಹುಳಿ ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನಾಗಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಬಾರಿ ಕಡ್ಡಿಗಳನ್ನು ಸವರುತ್ತಾರೆ: ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ಫಲ ಕೊಡುವುದು ಈ ಎರಡನೆಯ ಸವರುವಿಕೆ, ಕೊಯ್ಲು ಫೆಬ್ರವರಿ–ಮಾರ್ಚಿಯಲ್ಲಿ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಚಪ್ಪರದ ಮೇಲೆ ಹಬ್ಬುವ, ಕಡುನೀಲಿ ಬಣ್ಣದ, ಘಮಘಮಿಸುವ ‘ಬೆಂಗಳೂರು ಬ್ಲೂ’ ದ್ರಾಕ್ಷಿಯನ್ನು ಇಲ್ಲಿಯ ರೈತರು ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಫ್ರಾನ್ಸಿನ ತಳಿಗಳಿಂದ ವೈನು ಮಾಡುವ ಉದ್ಯಮ ಇಲ್ಲಿ ಬೇರೂರಿದುದು ಕನ್ವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ತಯಾರಿಕೆಗೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ನಾವು ನೋಡಿದ ತೋಟದಲ್ಲಿ ಬಳ್ಳಿಗಳು ಚಪ್ಪರದ ಮೇಲಿರದೆ, ತಂತಿಗೆ ಒರಗಿ, ಸಾಲುಸಾಲಾಗಿ ನಿಂತಿದ್ದವು. ಹಿಂದೆ ನೀಲಿಯ ಬೆಟ್ಟ, ಮುಂದೆ ಹಸುರಿನ ಗೆರೆಗಳು, ಚಿತ್ರ ಬರೆದಂತಿತ್ತು. ತಯಾರಿಕೆಯ ಕೋಣೆಯಲ್ಲಿ ಅಲ್ಲಿನವರು ಸಹನೆಯಿಂದ ಎಲ್ಲವನ್ನೂ ವಿವರಿಸಿದರು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ರಸದ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಮಾರ್ಪಡಿಸುತ್ತದೆ. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ಅದರೊಡನೆ ನೆನೆಯುವ ಸಿಪ್ಪೆಯಿಂದ. ಒಂದು ಸೀಸೆಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು. ಕೊನೆಗೆ ಬಂದವರಿಗೆ ರುಚಿ ತೋರಿಸುವ ಪದ್ಧತಿಯುಂಟು. ನಾವು ಮೂವರೂ ಮನೆಯ ಹಿರಿಯರನ್ನು ನೆನೆದು, ಹಣ್ಣನ್ನೇ ನಾಲ್ಕು ಬಾಯಿಗೆ ಹಾಕಿಕೊಂಡು ತೃಪ್ತರಾದೆವು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ಆದರೂ ಸಿಹಿಯೋ ಸಿಹಿ.

ಇಷ್ಟರಲ್ಲಿ ನಮ್ಮ ಗೆಳೆಯನೊಬ್ಬನು, “ಕಣಿವೆ ನೋಡಿದೆವು, ನದಿ ಎಲ್ಲಿ?” ಎಂದು ಕೇಳಿದನು. ಹುಡುಕಿಕೊಂಡು ಹೊರಟೆವು. ಅರ್ಕಾವತಿಯೆಂದು ದಾರಿಹೋಕರು ತೋರಿಸಿದ ಸ್ಥಳದಲ್ಲಿ ಒಂದು ಸಣ್ಣ ಸೇತುವೆ ಇತ್ತು. ಅದರ ಕೆಳಗೆ ನೀರಿರಲಿಲ್ಲ. ಜಾಲಿಯ ಗಿಡಗಳ ನಡುವೆ ಎರಡು ಎಮ್ಮೆಗಳು ಮೇಯುತ್ತಿದ್ದವು. ಸೇತುವೆಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರು ನಮ್ಮನ್ನು ಕಂಡು, “ಯಾವೂರಪ್ಪಾ?” ಎಂದರು. ಹೇಳಿದೆವು. “ತಾತ, ಹೊಳೆಯಲ್ಲಿ ನೀರಿಲ್ಲದೆ ದ್ರಾಕ್ಷಿ ಹೇಗೆ ಬೆಳೆಯುತ್ತೀರಿ?” ಎಂದು ಕೇಳಿದೆ.

“ಹೊಳೆ ಮೇಲೆ ಹರಿಯೋದು ನಿಂತೋಯ್ತು. ಈಗ ಒಳಗಿಂದ ಎತ್ತೀವಿ. ನಮ್ಮಪ್ಪ ಇಪ್ಪತ್ತು ಅಡಿ ಬಾವೀಲಿ ಏತ ಹೊಡೀತಿದ್ದ. ನನ್ನ ಮಗನ ಬೋರು ಸಾವಿರ ಅಡಿ ದಾಟದೆ. ಅದೂ ಎಷ್ಟು ದಿನವೋ!” ಎಂದರು.

ಇದೇ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟಿದ ಜಲಾಶಯದಿಂದ ಬೆಂಗಳೂರು ನೀರು ಕುಡಿಯಿತು. ಅದು ಸಾಲದೆ ಬಂದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದೂ ಸಾಲದೆ 1974ರಿಂದ ಕಾವೇರಿಯ ನೀರು ಬಂದಿತು. ಒಂದು ನಗರಕ್ಕೆ ನೀರುಣಿಸಿದ ನದಿಯು ಬತ್ತಿದುದಕ್ಕೆ ಕಾರಣ ಒಂದೇ ಅಲ್ಲ. ಲೆಕ್ಕವಿಲ್ಲದೆ ಕೊರೆದ ಕೊಳವೆಬಾವಿಗಳು, ಮುಚ್ಚಿಹೋದ ಕಾಲುವೆಗಳು, ಎಲ್ಲೆಡೆ ನೆಟ್ಟ ನೀಲಗಿರಿ ತೋಪುಗಳು, ಇವೆಲ್ಲ ಸೇರಿವೆ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು. ದೋಷವನ್ನು ದ್ರಾಕ್ಷಿಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಹನಿ ನೀರಾವರಿಯಲ್ಲಿ ಅದು ನೀರನ್ನು ಮಿತವಾಗಿಯೇ ಬಳಸುತ್ತದೆ. ಆದರೆ ಮಿತವಾಗಿ ಬಳಸುವುದಕ್ಕಾದರೂ ನೆಲದೊಳಗೆ ನೀರಿರಬೇಕಷ್ಟೆ.

ಮರಳುವಾಗ ನಮ್ಮಲ್ಲಿ ಮಾತು ಕಡಿಮೆಯಾಗಿತ್ತು. ನಮ್ಮ ಸೀಮೆಗೂ ಒಂದು ನದಿಯುಂಟು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನೂ ತುಂಬಿ, ಅರ್ಕಾವತಿಯಂತೆಯೇ ಕಾವೇರಿಯನ್ನು ಸೇರುತ್ತದೆ. ನಾವು ಬೆಳೆಯುವುದು ದ್ರಾಕ್ಷಿಯಲ್ಲ. ರಾಗಿ, ತೆಂಗು, ಅಡಿಕೆ. ಆದರೆ ನಮ್ಮ ತೋಟಗಳಲ್ಲಿಯೂ ಕೊಳವೆಬಾವಿಯ ಆಳ ವರ್ಷವರ್ಷಕ್ಕೆ ಇಳಿಯುತ್ತಿದೆ. ನಮ್ಮ ಮನೆಯ ತೋಟದ ಬಾವಿಯಲ್ಲಿ ನಾನು ಈಜು ಕಲಿಯಲಿಲ್ಲ. ಕಲಿತವರು ನನ್ನ ತಂದೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ನಂದಿ ಕಣಿವೆಗೆ ಅವಶ್ಯವಾಗಿ ಹೋಗಿ ಬನ್ನಿ. ಬೆಟ್ಟವನ್ನು ನೋಡಿ, ಭೋಗನಂದೀಶ್ವರನ ಗುಡಿಯನ್ನು ನೋಡಿ, ದ್ರಾಕ್ಷಿಯ ಸಾಲುಗಳನ್ನೂ ನೋಡಿ. ಆದರೆ ಹಸುರನ್ನು ಕಂಡಲ್ಲೆಲ್ಲ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿರಿ: ‘ಇದಕ್ಕೆ ನೀರು ಎಲ್ಲಿಂದ ಬಂತು?’ ಹಿಂದಿರುಗಿ ಬಂದ ಮೇಲೆ ನಿಮ್ಮ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರಿ.