ಕಾಲಿನ ನರ ಉಬ್ಬಿದರೆ

ಪ್ರಶ್ನೆ: ನನಗೆ 41 ವರ್ಷ. ಸೀರೆ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರಬೇಕು. ಎರಡು ವರ್ಷದಿಂದ ಎಡಗಾಲಿನ ಮೀನಖಂಡದಲ್ಲಿ ಹಸಿರು ನರಗಳು ಸುತ್ತಿಕೊಂಡು ಉಬ್ಬಿವೆ. ಸಂಜೆಯಾದರೆ ಕಾಲು ಭಾರ, ಚಪ್ಪಲಿ ಬಿಗಿ. ಅಮ್ಮನಿಗೂ ಹೀಗೇ ಇತ್ತು. ಮೊಬೈಲ್‌ನಲ್ಲಿ ನೋಡಿದರೆ ಪ್ರಪಂಚದಲ್ಲಿ ನೂರಕ್ಕೆ ಎಂಬತ್ತು ಜನಕ್ಕೆ ಇದು ಇದೆ ಎನ್ನುತ್ತದೆ. ಹಾಗಿದ್ದರೆ ಸುಮ್ಮನೆ ಬಿಡಬಹುದಲ್ಲವೇ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ನೀವು ನೋಡಿದ ಅಂಕಿ ಸುಳ್ಳಲ್ಲ. ಅದರೊಳಗೆ ಯಾರನ್ನೆಲ್ಲ ಸೇರಿಸಿದ್ದಾರೆ ಎಂದು ಕೇಳಬೇಕಷ್ಟೆ. ‘ವೇನ್ ಕನ್ಸಲ್ಟ್’ ಎಂಬ ಸಮೀಕ್ಷೆ 20 ದೇಶಗಳಲ್ಲಿ 91 ಸಾವಿರಕ್ಕೂ ಹೆಚ್ಚು ಜನರ ಕಾಲು ನೋಡಿತು. 2012ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಶೇ 83.6ರಷ್ಟು ಮಂದಿಗೆ ತೊಂದರೆ ಇತ್ತು. ಆದರೆ ಅವರೆಲ್ಲ ಒಂದಲ್ಲ ಒಂದು ಕಾರಣಕ್ಕೆ ವೈದ್ಯರ ಬಳಿ ಬಂದಿದ್ದವರು. ಅವರಲ್ಲಿ ಸುಮಾರು ಐದನೇ ಒಂದು ಭಾಗದವರ ಕಾಲಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬರೀ ಭಾರ, ಸೆಳೆತದ ದೂರು. ಚರ್ಮದಡಿ ಕೂದಲೆಳೆಯಷ್ಟು ಸಣ್ಣ ಕೆಂಪು-ನೀಲಿ ಗೆರೆ ಇದ್ದವರೂ ಅದೇ ಲೆಕ್ಕಕ್ಕೆ ಸೇರಿದ್ದಾರೆ.

ಜರ್ಮನಿಯ ಬಾನ್ ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ, ಆಸ್ಪತ್ರೆಗೆ ಬಂದವರನ್ನಲ್ಲ, ಊರಿನ 3,072 ಸಾಮಾನ್ಯ ಜನರನ್ನೇ ಕರೆದು ಪರೀಕ್ಷಿಸಿದ್ದರು. ಅಲ್ಲಿ ಶೇ 59ರಷ್ಟು ಜನಕ್ಕೆ ಸಣ್ಣ ಗೆರೆಗಳಷ್ಟೇ. ಬಾವು ಇಲ್ಲದೆ ನರ ಮಾತ್ರ ಉಬ್ಬಿದ್ದವರು ಶೇ 14. ಕಾಲು ಬಾತಿದ್ದವರು ಇನ್ನು ಶೇ 13. ಚರ್ಮ ಕೆಟ್ಟವರು ನೂರಕ್ಕೆ ಮೂವರು, ಹುಣ್ಣಾದವರು ಅಥವಾ ಆಗಿ ಮಾಗಿದವರು ಒಬ್ಬರಿಗಿಂತ ಕಡಿಮೆ. ನಿಮ್ಮ ಕಾಲು ಸಣ್ಣ ಗೆರೆಯ ಆ ದೊಡ್ಡ ಗುಂಪಿಗೆ ಸೇರಿದ್ದಲ್ಲ. ಗಾಬರಿ ಬೇಡ, ಆದರೆ ಸುಮ್ಮನೆ ಬಿಡುವಂಥದ್ದೂ ಅಲ್ಲ.

ಇದು ಬಂದದ್ದಾದರೂ ಹೇಗೆ? ಪಾದದಿಂದ ಎದೆಗೆ ರಕ್ತ ಹತ್ತಿ ಹೋಗುವಾಗ ಹಿಂದಕ್ಕೆ ಜಾರದಂತೆ ಅಭಿಧಮನಿಗಳೊಳಗೆ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಾಡದೆ ನಿಂತವರ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ 80ರಿಂದ 90 ಮಿ.ಮೀ. ಪಾದರಸದಷ್ಟು. ಆರೋಗ್ಯವಂತರು ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಸಡಿಲವಾದರೆ ಇಳಿಯುವುದಿಲ್ಲ. ಡೆನ್ಮಾರ್ಕ್‌ನಲ್ಲಿ ಉದ್ಯೋಗಿಗಳನ್ನು 12 ವರ್ಷ ಗಮನಿಸಿದಾಗ, ಹೆಚ್ಚು ಹೊತ್ತು ನಿಂತೇ ದುಡಿಯುವವರು ಈ ಕಾಯಿಲೆಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಎಂದು ಕಂಡಿತು. ಅಮ್ಮನ ವಿಷಯವೂ ಸಣ್ಣದಲ್ಲ. ಫ್ರಾನ್ಸ್‌ನ ಒಂದು ಅಧ್ಯಯನದಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಶೇ 90. ಒಬ್ಬರಿಗೆ ಇದ್ದರೆ ಹೆಣ್ಣುಮಕ್ಕಳಿಗೆ 62, ಗಂಡುಮಕ್ಕಳಿಗೆ 25. ಯಾರಿಗೂ ಇಲ್ಲದಿದ್ದರೂ 20. ವಯಸ್ಸು, ಬೊಜ್ಜು, ಹೆರಿಗೆಗಳ ಸಂಖ್ಯೆ, ಹಿಂದೆ ಕಾಲಿನ ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವೂ ಕೂಡಿಕೊಳ್ಳುತ್ತವೆ.

ಮೊದಲು ಒಂದು ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ಹಾಕಿ. ರಾತ್ರಿ ಕಾಲಡಿ ದಿಂಬಿರಲಿ. ಮಾಲೀಕರನ್ನು ಒಂದು ಸ್ಟೂಲ್ ಕೇಳಲು ಸಂಕೋಚ ಬೇಡ. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ನನ್ನನ್ನು ಕೇಳಿದರೆ ಯಾವ ಮಾತ್ರೆಗಿಂತಲೂ ಅದು ಮೇಲು.

ಪ್ರಶ್ನೆ: ಏಳು ತಿಂಗಳ ಬಸುರಿ. ಎರಡೂ ತೊಡೆಯಲ್ಲಿ ನರ ಉಬ್ಬಿದೆ. ಆಪರೇಷನ್ ಬೇಕಾ?
– ಓದುಗರು, ಶಿರಸಿ

ಉತ್ತರ: ಈಗ ಬೇಡ. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳಷ್ಟು ಇಳಿದುಹೋಗುತ್ತದೆ. ಎಡ ಮಗ್ಗುಲಾಗಿ ಮಲಗಿ. ಆದರೆ ಒಂದೇ ಕಾಲು ಹಠಾತ್ತನೆ ಬಾತು ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಪ್ರಶ್ನೆ: ಮುಂಬೈಯ ಹೋಟೆಲ್‌ನಲ್ಲಿ ದೋಸೆ ಕಾವಲಿ ಮುಂದೆ ಕೆಲಸ, ವಯಸ್ಸು 54, ಊರು ಕುಂದಾಪುರದ ಕಡೆ. ಬಲಗಾಲಿನ ಗಂಟಿನ ಒಳಬದಿ ಕಪ್ಪಾಗಿ ತುರಿಸುತ್ತದೆ. ಮೆಡಿಕಲ್‌ನವರು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು, ಕಮ್ಮಿಯಾಗಲಿಲ್ಲ. ಉಬ್ಬು ನರದ ಕಾಯಿಲೆ ಇರಬಹುದು ಎಂದು ಗೆಳೆಯರು ಹೇಳುತ್ತಾರೆ. ಅದು ಹೆಂಗಸರಿಗೆ ಬರುವುದಲ್ಲವೇ?

ಉತ್ತರ: ನಿಮ್ಮ ಗೆಳೆಯರ ಊಹೆ ಸರಿಯಿರುವ ಸಂಭವವೇ ಹೆಚ್ಚು. ಹೆಂಗಸರು ಬೇಗ ತೋರಿಸುತ್ತಾರೆ, ಗಂಡಸರು ಪ್ಯಾಂಟಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ 1,566 ಮಂದಿಯನ್ನು ಪರೀಕ್ಷಿಸಿದಾಗ ದೊಡ್ಡ ನರ ಉಬ್ಬಿದ್ದು ಗಂಡಸರಲ್ಲಿ ಶೇ 40, ಹೆಂಗಸರಲ್ಲಿ 32.

ನೀವು ಹೇಳುವ ಜಾಗವೇ ಸುಳಿವು. ಒತ್ತಡ ಹೆಚ್ಚಾಗಿ ರಕ್ತಕಣಗಳು ಹೊರಗೆ ಜಿನುಗಿ, ಅವುಗಳ ಕಬ್ಬಿಣದಂಶ ಚರ್ಮದಲ್ಲಿ ಉಳಿದಾಗ ಹೀಗೆ ಕಂದು-ಕಪ್ಪು ಬಣ್ಣ ಬರುತ್ತದೆ. ಆಮೇಲೆ ಒಣಗಿ, ತುರಿಸಿ, ಗಟ್ಟಿಯಾಗುತ್ತದೆ. ಅಲ್ಲಿ ಉಗುರು ತಾಗಿದ ಗಾಯವೇ ತಿಂಗಳುಗಟ್ಟಲೆ ಮಾಗದ ಹುಣ್ಣಾಗುತ್ತದೆ. ಮುಲಾಮು ನಿಲ್ಲಿಸಿ, ರಕ್ತನಾಳದ ತಜ್ಞರನ್ನು ಈ ವಾರವೇ ಕಾಣಿ. ಲೇಸರ್ ಅಥವಾ ರೇಡಿಯೊ ತರಂಗದ ಶಾಖದಿಂದ ಕೆಟ್ಟ ನರವನ್ನು ಮುಚ್ಚುವ ಚಿಕಿತ್ಸೆ ಈಗ ಸಾಮಾನ್ಯ, ಹೆಚ್ಚಿನವರು ಅಂದೇ ನಡೆದು ಮನೆಗೆ ಹೋಗುತ್ತಾರೆ. ಹುಣ್ಣಾದ ಮೇಲೂ ಬೇಗ ಮಾಡಿಸಿದರೆ ಲಾಭವಿದೆ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇಗ ಚಿಕಿತ್ಸೆ ಪಡೆದವರ ಹುಣ್ಣು ಮಾಗಲು ಹಿಡಿದದ್ದು 56 ದಿನ (ಮಧ್ಯಮಾಂಕ), ತಡಮಾಡಿದವರದ್ದು 82.

ಬಿಗಿ ಕಾಲುಚೀಲವನ್ನು ನೀವಾಗಿಯೇ ಕೊಂಡು ತೊಡಬೇಡಿ. ಸಕ್ಕರೆ ಕಾಯಿಲೆ ಅಥವಾ ಬೀಡಿ-ಸಿಗರೇಟಿನ ಅಭ್ಯಾಸವಿದ್ದರೆ ಪಾದಕ್ಕೆ ಇಳಿದು ಬರುವ ರಕ್ತವೇ ಕಡಿಮೆಯಿರಬಹುದು, ಆಗ ಬಿಗಿ ಅಪಾಯ. ಪಾದದ ನಾಡಿ ನೋಡಿದ ಮೇಲೆಯೇ ಅಳತೆ ತೆಗೆಸಿ. ಕಾವಲಿ ಮುಂದೆ ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ನಿಂತಿರಬೇಡಿ: ಅಲ್ಲೇ ಮಲಗಿ, ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ.