ಮಚ್ಚೆಗೊಂದು ಪರೀಕ್ಷೆ, ಗಡ್ಡೆಗೊಂದು ಪರೀಕ್ಷೆ

ಊರು ಬಿಟ್ಟು ಬಂದು ಪುಣೆಯ ಶಿವಾಜಿನಗರದಲ್ಲಿ ಹೋಟೆಲು, ಅಂಗಡಿ, ಕಚೇರಿ ಎಂದು ದುಡಿಯುತ್ತೀರಿ. ದುಡಿಮೆ ಸರಿ, ಕೆನ್ನೆಯಲ್ಲಿ ಸದಾ ಸುಣ್ಣ-ತಂಬಾಕು ಯಾಕೆ? ಅಕ್ಕಂದಿರೇ, ಮಿಶ್ರಿಯಲ್ಲಿ ಹಲ್ಲುಜ್ಜುವುದನ್ನು ನೀವೂ ಬಿಡಿ, ಅದೂ ಹುರಿದ ತಂಬಾಕೇ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಯಿತು. ನಿಮ್ಮ ಜೇಬಿಗೆ ಮಾತ್ರ ಅದು ಹೇಗೋ ಬಂದು ಸೇರುತ್ತದೆ! ಬರೀ ಅಡಿಕೆ ತಾನೇ ಎನ್ನಬೇಡಿ. ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಬಾಯಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಇವುಗಳಲ್ಲಿ ಒಂದು ಕಂಡರೂ ಮುಲಾಮು ಹಚ್ಚುತ್ತ ಕೂರಬೇಡಿ. ಸಸೂನ್ ಆಸ್ಪತ್ರೆ ದೂರವಿಲ್ಲ, ಹೋಗಿ ತೋರಿಸಿ. ಚೂರು ತೆಗೆದು ಪರೀಕ್ಷಿಸುತ್ತೇವೆ ಎಂದರೆ ಒಪ್ಪಿಕೊಳ್ಳಿ. ಈ ಬಯಾಪ್ಸಿಯಿಂದ ರೋಗ ಹರಡುತ್ತದೆಂಬ ಕಟ್ಟೆಮಾತಿಗೆ ಕಿವಿಗೊಡಬೇಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಎನ್ನುವ ಹಾಗಾಗಬಾರದು.

ಮೊಬೈಲಿನಲ್ಲಿ ಓದಿಕೊಂಡು ‘ಪಿಡಿ-ಎಲ್1 ಪರೀಕ್ಷೆ ಬರೆದುಕೊಡಿ’ ಎಂದು ಡಾಕ್ಟರಿಗೇ ಹೇಳುವವರೂ ಇದ್ದೀರಿ. ಸ್ವಲ್ಪ ಕೇಳಿ. ನಮ್ಮ ರಕ್ತದ ಟಿ-ಕೋಶಗಳು ಮೈಯ ಕಾವಲುಗಾರರು. ಕ್ಯಾನ್ಸರ್ ಕೋಶ ತನ್ನ ಮೇಲಿರುವ ಪಿಡಿ-ಎಲ್1 ಎಂಬ ಪ್ರೋಟೀನಿನಿಂದ ಆ ಕಾವಲನ್ನು ಸುಮ್ಮನಾಗಿಸುತ್ತದೆ. ಕ್ಯಾನ್ಸರ್ ಆಗುವ ಮುಂಚಿನ ಮಚ್ಚೆಗಳಲ್ಲೂ ಕೆಲವೊಮ್ಮೆ ಅದು ಕಾಣುತ್ತದೆ, ನಿಜ. ಆದರೆ ಕಂಡಿತೆಂದು ಆ ಹಂತದಲ್ಲಿ ಚಿಕಿತ್ಸೆಯೇನೂ ಬದಲಾಗುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಮಚ್ಚೆಯ ವರದಿಯಲ್ಲಿ ಡಿಸ್‌ಪ್ಲೇಸಿಯಾ, ಅಂದರೆ ಕೋಶಗಳು ಸಹಜ ರೂಪ ಕೆಟ್ಟಿರುವುದು, ಎಷ್ಟು ತೀವ್ರವಾಗಿದೆ ಎಂದು ಕೇಳಿ, ತಂಬಾಕು ಬಿಡಿ, ಕರೆದಾಗಲೆಲ್ಲ ತಪ್ಪದೆ ಹೋಗಿ ತೋರಿಸಿ.

ಕ್ಯಾನ್ಸರ್ ಮರುಕಳಿಸಿದರೆ, ಬೇರೆ ಅಂಗಕ್ಕೆ ಹರಡಿದರೆ ಮಾತೇ ಬೇರೆ. ಗಡ್ಡೆಯ ಕೋಶಗಳ ಜೊತೆಗೆ ಸುತ್ತಲಿನ ರೋಗನಿರೋಧಕ ಕೋಶಗಳಲ್ಲೂ ಪಿಡಿ-ಎಲ್1 ಎಷ್ಟಿದೆಯೆಂದು ಎಣಿಸಿ ‘ಸಿಪಿಎಸ್’ ಅಂಕಿ ಕೊಡುತ್ತಾರೆ. ಅದು 1 ಅಥವಾ ಹೆಚ್ಚಿದ್ದರೆ ಪೆಂಬ್ರೊಲಿಜುಮ್ಯಾಬ್ ಎಂಬ ಇಂಜೆಕ್ಷನ್ನಿನ ಮಾತು ಬರುತ್ತದೆ. ಬೆಲೆ ಕೇಳಿ ಎದೆಗುಂದಬೇಡಿ. ಇದೇ ಬಗೆಯ ನಿವೊಲುಮ್ಯಾಬನ್ನು ಮುಂಬೈಯ ಟಾಟಾ ಮೆಮೋರಿಯಲ್‌ನವರು ಬರೀ 20 ಮಿಲಿಗ್ರಾಂನಂತೆ ಮೂರು ವಾರಕ್ಕೊಮ್ಮೆ, ಕ್ಯಾನ್ಸರಿನ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ವಾಸಿಯಾಗದ ಹಂತದ ತಲೆ-ಕತ್ತಿನ ಕ್ಯಾನ್ಸರಿನವರಲ್ಲಿ ವರ್ಷ ದಾಟಿ ಬದುಕಿದವರು ಬರೀ ಮಾತ್ರೆಯಲ್ಲಿ 100ಕ್ಕೆ 16, ಇದನ್ನು ಸೇರಿಸಿದಾಗ 43. ನಿಮ್ಮ ಡಾಕ್ಟರನ್ನು ಈ ಬಗ್ಗೆ ಧೈರ್ಯವಾಗಿ ಕೇಳಿ.

ಒಂದು ಮಾತು ಮಾತ್ರ ಮರೆಯಬೇಡಿ. ವರದಿಯ ಕಾಗದವೊಂದನ್ನೇ ಹಿಡಿದುಕೊಂಡು ಬರಬೇಡಿ, ಬಯಾಪ್ಸಿಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಬಿಸಿಲಿಗಿಡದೆ ಜೋಪಾನ ಮಾಡಿ, ಮುಂದೆ ಪಿಡಿ-ಎಲ್1 ನೋಡುವುದು ಅದರಲ್ಲೇ.